ಎರಡು ನಕ್ಷೆ, ಒಂದು ಬೇಸಿಗೆ

ದಾಂಡೇಲಿಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಬಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಹಾಯಿದೋಣಿ ಕಟ್ಟಬಲ್ಲವನು ಮಾತ್ರ ಜುಜೆ ಸಿದ್ದಿ ಒಬ್ಬನೇ. ಹಳಿಯಾಳ ತಾಲೂಕಿನ ಸಾಂಬ್ರಾಣಿ ಎಂಬ ಊರಿನ ಹತ್ತಿರದ ಒಂದು ಕೇರಿಯಲ್ಲಿ ಹುಟ್ಟಿದ ಅವನು ಹದಿನೇಳನೆಯ ವಯಸ್ಸಿಗೆ ಗೋವಾಕ್ಕೆ ಹೋಗಿ, ಅಲ್ಲಿನ ದೋಣಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದಿದ್ದ. ಅವನ ಕೈಯಿಂದ ಹನ್ನೊಂದು ದೋಣಿ ನೀರಿಗಿಳಿದಿದ್ದವು. ಕಾರ್ಖಾನೆಯವರು ಮರ ಬಿಟ್ಟು ಫೈಬರ್ ಹಿಡಿದ ವರ್ಷ ಅವನು ಉಳಿ ಬಾಚಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಹೆಂಡತಿ ಮಾರ್ಥಾಳೊಂದಿಗೆ ವಾಪಸು ಬಂದ. ಬಂದು ಏಳು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವನು ಮಾಡಿದ್ದೆಲ್ಲ ಬಾಗಿಲುಗಳೇ.

ನವೆಂಬರಿನ ಒಂದು ಬೆಳಿಗ್ಗೆ ಅವನ ಅಂಗಡಿಯ ಮುಂದೆ ಜೀಪು ನಿಂತಿತು. ಇಳಿದವಳಿಗೆ ನಲವತ್ತೈದರ ಆಸುಪಾಸು. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆಗಳಿದ್ದವು.

"ಜುಜೆ ಮಿಸ್ತ್ರಿ ಅಂದ್ರ ನೀವೇನ್ರಿ?"

"ಹೌದ್ರಿ, ಬರ್ರಿ ಒಳಗ. ಬಾಗಲಾ ಮಾಡಸೂದಿತ್ತೇನ್ರಿ?"

"ದೋಣಿ ಮಾಡಸೂದೈತಿ," ಅಂದಳು ಅವಳು.

ಅವಳ ಹೆಸರು ಸುಮಿತಾ. ಹಳಿಯಾಳದ ಸಾಮಿಲ್ ಮಾಲೀಕ ಚನಬಸಪ್ಪನ ಮಗಳು. ಈಗ ತಂದೆಯ ಜೊತೆ ಮಿಲ್ಲನ್ನು ನಡೆಸುತ್ತಿರುವವಳೂ ಅವಳೇ. ಕಾರವಾರದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯ ನೌಕಾ ವಿಭಾಗ ಸೇರಿ ಹಾಯಿ ಹಿಡಿಯುವುದನ್ನು ಕಲಿತಿದ್ದಳು. ಆ ಗೀಳು ಬಿಟ್ಟಿರಲಿಲ್ಲ. ಪ್ರತಿವರ್ಷ ಗೋವಾಕ್ಕೆ ಹೋಗಿ ಯಾರಾದರೂ ಗೆಳೆಯರ ದೋಣಿಯಲ್ಲಿ ವಾರ ಹತ್ತು ದಿನ ಸಮುದ್ರದ ಮೇಲೆ ಇದ್ದು ಬರುತ್ತಿದ್ದಳು. ಈಗ ಸ್ವಂತದ್ದು ಬೇಕಿತ್ತು. ಅದೂ ಮರದ್ದು, ಹಳೆಯ ಕಾಲದ ಚೆಲುವಿನದು.

ಅವಳು ಎರಡು ಸುರುಳಿಗಳನ್ನು ಅಂಗಡಿಯ ಮೇಜಿನ ಮೇಲೆ ಬಿಚ್ಚಿದಳು. "ಇವು ಪೂರ್ತಿ ನಕ್ಷಿ ಅಲ್ರಿ. ಕೊಳ್ಳೂಕಿಂತ ಮೊದ್ಲ ನೋಡಾಕ ಅಂತ ಕೊಡೂ ಹಾಳಿ. ಇದರಾಗ ಒಂದ ಆರಿಸಿದ್ರ ಪೂರ್ತಿ ನಕ್ಷಿ ತರಸ್ತೇನಿ."

ಮೊದಲನೆಯದು ಸುಮಾರು ತೊಂಬತ್ತು ವರ್ಷದ ಹಿಂದೆ ಒಬ್ಬ ಇಂಗ್ಲಿಷಿನವನು ಬರೆದದ್ದು. ಮೂವತ್ತೆರಡು ಅಡಿ ಉದ್ದದ ದೋಣಿ. ಮುಂದೆ ಹಿಂದೆ ನೀರಿನ ಮೇಲೆ ಚಾಚಿಕೊಂಡ ನೀಳ ಮೈ. ಪಕ್ಕೆಲುಬುಗಳ ಮೇಲೆ ಹಲಗೆಗೆ ಹಲಗೆ ತಾಗಿಸಿ ಕೂರಿಸಿ, ಸಂದಿಗಳಲ್ಲಿ ಹತ್ತಿ ಜಡಿದು ನೀರು ತಡೆಯುವ ಹಳೆಯ ಪದ್ಧತಿ. ಎರಡನೆಯದು ಇಪ್ಪತ್ತಾರು ಅಡಿಯದು. ಅದನ್ನು ಬರೆದವಳು ಡೆನ್ಮಾರ್ಕಿನ ಒಬ್ಬ ಹೆಣ್ಣುಮಗಳು; ಇನ್ನೂ ಕೆಲಸ ಮಾಡುತ್ತಿದ್ದವಳು. ನೋಡಲು ಅದೂ ಹಳೆಯ ಚಂದದ್ದೇ, ಹಾಯಿ ಕಟ್ಟುವ ಮರದ ಕೂವೆಕಂಬ, ಕಂದು ಹಾಯಿ. ಆದರೆ ಮೈ ಮಾತ್ರ ಎರಡು ಬೆರಳಗಲದ ಪಟ್ಟಿಗಳನ್ನು ಒಂದಕ್ಕೊಂದು ಎಪಾಕ್ಸಿ ಅಂಟಿನಿಂದ ಅಂಟಿಸಿ ಮಾಡಿದ್ದು.

ಜುಜೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗೆರೆ ಓದಲು ಬರುತ್ತಿತ್ತು. ಮೊದಲನೆಯ ಹಾಳೆಯ ಮೇಲೆ ಬೆರಳಿಟ್ಟು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಎಳೆದ. ಗೋವಾದ ಹಳೆಯ ಯಜಮಾನನ ಕೈಕೆಳಗೆ ಅಂಥದ್ದೇ ಒಂದನ್ನು ಅವನು ಕಟ್ಟಿದ್ದ, ಮದುವೆಯಾದ ವರ್ಷ. ಸಂದಿಗೆ ಹತ್ತಿ ಜಡಿಯುವುದರಲ್ಲಿ ಆ ದಂಡೆಯಲ್ಲೇ ಅವನ ಸರಿಸಮಾನರಿರಲಿಲ್ಲ.

"ಇದು," ಅಂದ.

ಸುಮಿತಾ ನಕ್ಕಳು. "ನನ್ನ ಮನಸೂ ಅದರ ಮ್ಯಾಲೇ ಐತ್ರಿ."

"ಹಂಗಾರ ಇನ್ನೊಂದ ಯಾಕ ತಂದ್ರಿ ಅಕ್ಕಾರ?"

"ಒಂದ ದಿಮ್ಮಿ ನೋಡಿ ಹರಾಜು ಕೂಗಬ್ಯಾಡ ಅಂತಾನ ನಮ್ಮಪ್ಪ."

ಮರುದಿನ ಜುಜೆ ಹಳಿಯಾಳಕ್ಕೆ ಹೋದ. ಚನಬಸಪ್ಪ ಮಿಲ್ಲಿನ ಹಿಂದಿನ ಶೆಡ್ಡಿಗೆ ಕರೆದೊಯ್ದು ತಾನು ಹದಿನಾಲ್ಕು ವರ್ಷದಿಂದ ಮಾರದೆ ಇಟ್ಟುಕೊಂಡಿದ್ದ ಸಾಗವಾನಿ ತೋರಿಸಿದ. ದಾಂಡೇಲಿಯ ಡಿಪೋದಲ್ಲಿ ಕೊಂಡದ್ದು; ಅಡ್ಡಪಟ್ಟಿ ಕೊಟ್ಟು ಪೇರಿಸಿ ನೆರಳಲ್ಲಿ ಒಣಗಿಸಿದ್ದು. ಜುಜೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ತಟ್ಟಿ ಮುಗಿಸಿ, "ಇಂಥಾ ಮಾಲು ಗೋವಾದಾಗೂ ನೋಡಿಲ್ರಿ ಸಾವ್ಕಾರ್ರ," ಅಂದ. ಚನಬಸಪ್ಪ ಹಿಗ್ಗಿದ. ಆಮೇಲೆ ಮಗಳ ಕಡೆ ತಿರುಗಿ ಕೇಳಿದ.

"ದೋಣಿ ವರ್ಷದಾಗ ಎಷ್ಟ ತಿಂಗಳ ನೀರಾಗಿರತೈತಿ?"

"ನವೆಂಬರಿಂದ ಮಾರ್ಚ್ ತನಕ ಅಪ್ಪಾ. ಕಾರವಾರದಾಗ. ಆಮ್ಯಾಲೆ ಟ್ರೇಲರ್ ಮ್ಯಾಲೆ ಇಲ್ಲಿಗೇ ತರೂದು. ಮಳಿಗಾಲದಾಗ ಅಲ್ಲಿ ಬಿಟ್ರ ನೋಡಾವ್ರ ಯಾರು?"

"ಅಂದ್ರ ಏಪ್ರಿಲ್ ಮೇ ಬಿಸಲು ಪೂರಾ ಇಲ್ಲೇ ತಿಂತೈತಿ. ಹಲಗಿ ಒಣಗೂದಿಲ್ಲೇನು ಮಿಸ್ತ್ರಿ?"

ಮರದ ವ್ಯಾಪಾರದಲ್ಲೇ ತಲೆ ಬೆಳ್ಳಗಾದವನ ಪ್ರಶ್ನೆ ಅದು. ಜುಜೆ ತಡವರಿಸಲಿಲ್ಲ.

"ಒಣಗತೈತ್ರಿ. ಆದ್ರ ನಾ ಹತ್ತಿ ಜಡದ ಸಂದಿ ಬಿಡೂದಿಲ್ಲ. ಬಿಡೂದು ಆ ಗೋಂದು. ಹಳಿಯಾಳದ ಬಿಸಲಿಗೆ ಗೋಂದು ನಿಂದ್ರತೈತೇನ್ರಿ? ಬೇಕಾದ್ರ ಮಾಡಿ ತೋರಸ್ತೇನಿ."

ಹಾಗೆ ಹೇಳಿ ಅವನು ಎರಡು ಹಾಸುಹಲಗೆ ಮಾಡಿದ, ಕಿಟಕಿಯ ಕದದಷ್ಟು ದೊಡ್ಡವು. ಒಂದರಲ್ಲಿ ಐದು ಹಲಗೆ ತಾಗಿಸಿ ಹತ್ತಿ ಜಡಿದಿದ್ದ. ಇನ್ನೊಂದರಲ್ಲಿ ಪಟ್ಟಿಗಳನ್ನು ಸುಮಿತಾ ತರಿಸಿಕೊಟ್ಟ ಎಪಾಕ್ಸಿಯಿಂದ ಅಂಟಿಸಿದ್ದ. ಎರಡನ್ನೂ ಮಿಲ್ಲಿನ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ಮುಳುಗಿಸಿದರು. ತಿಂಗಳು ಕಳೆದ ಮೇಲೆ ತೆಗೆದು ಮಿಲ್ಲಿನ ತಗಡಿನ ಚಾವಣಿಯ ಮೇಲೆ ಬಿಸಿಲಿಗಿಟ್ಟರು.

ಅಂಟಿಸಿದ್ದು ಜನವರಿ ಮುಗಿಯುವುದರೊಳಗೇ ಬಿಟ್ಟುಕೊಂಡಿತು; ಹತ್ತಿ ಜಡಿದದ್ದು ಇನ್ನೂ ಗಟ್ಟಿಯಾಗಿತ್ತು. ಜುಜೆ ಚಾವಣಿಯ ಮೇಲೆ ನಿಂತು ಅಂಗೈಯಿಂದ ಒಂದು ಏಟು ಕೊಟ್ಟ. ಮೂರು ಪಟ್ಟಿ ಬೇರೆಬೇರೆಯಾಗಿ ಬಿದ್ದವು. ಅವುಗಳನ್ನು ಹಿಡಿದುಕೊಂಡು ಇಳಿದು ಬಂದು ಸುಮಿತಾಳ ಮೇಜಿನ ಮೇಲೆ ಇಟ್ಟ.

"ನೋಡ್ರಿ."

"ಹಂಗಾರ ಮುಗೀತು. ಮೊದಲನೇದ ತರಸೂಣು," ಅಂದಳು ಸುಮಿತಾ. ಅವಳಿಗೂ ಖುಷಿಯೇ. ಆ ನೀಳ ದೋಣಿಯ ಚಿತ್ರ ಆಗಲೇ ಅವಳ ಕೋಣೆಯ ಗೋಡೆಯ ಮೇಲಿತ್ತು.

ಆದರೂ ಡೆನ್ಮಾರ್ಕಿನವಳಿಗೆ ಬೇಡವೆಂದು ತಿಳಿಸುವುದು ಸೌಜನ್ಯ ಅನಿಸಿ, ಕಾರಣ ಬರೆದು, ಬಿಟ್ಟುಕೊಂಡ ಪಟ್ಟಿಗಳ ಫೋಟೋ ಸಮೇತ ಒಂದು ಮೇಲ್ ಕಳಿಸಿದಳು. ಎರಡೇ ದಿನಕ್ಕೆ ಉತ್ತರ ಬಂತು. ಸುಮಿತಾ ದಾಂಡೇಲಿಗೆ ಬಂದು ಅದನ್ನು ಜುಜೆಗೆ ಕನ್ನಡದಲ್ಲಿ ಓದಿ ಹೇಳಿದಳು. ಸಾಗವಾನಿಯಲ್ಲಿ ಎಣ್ಣೆಯಿದೆ, ಅದರ ಮೇಲೆ ಯಾವ ಅಂಟೂ ಹಾಗೆಯೇ ಹಿಡಿಯುವುದಿಲ್ಲ. ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಒರೆಸಬೇಕು, ಆಮೇಲೆ ಕಾಲು ಗಂಟೆಯೊಳಗೆ ಅಂಟಿಸಿ ಮುಗಿಸಬೇಕು. ಕೊನೆಯಲ್ಲಿ ಹೀಗಿತ್ತು: ನನ್ನ ದೋಣಿ ಬೇಡವಾದರೆ ಬೇಸರವಿಲ್ಲ, ಆದರೆ ತಪ್ಪು ಕಾರಣಕ್ಕೆ ಬೇಡವಾಗುವುದು ಬೇಡ.

ಜುಜೆಯ ಮುಖ ಬಿಗಿಯಿತು. "ಅಲ್ಲೆ ಬರ್ಫದಾಗ ಕುಂತು ನಮ್ಮ ಸಾಗವಾನಿ ಬಗ್ಗೆ ನಮಗ ಹೇಳತಾಳೇನ್ರಿ?"

"ಹೇಳ್ಯಾಳ. ಇನ್ನೊಂದ್ಸಲ ಮಾಡೂದ ಬಿಡೂದ ನಿಮ್ಮ ಕೈಯಾಗೈತಿ ಮಿಸ್ತ್ರಿ. ನಾ ಒತ್ತಾಯ ಮಾಡೂದಿಲ್ಲ."

ಅವಳು ಹೋದ ಮೇಲೆ ಜುಜೆ ಅಸಿಟೋನ್ ತರಿಸಿ, ಒಂದು ಪಟ್ಟಿ ತೆಗೆದುಕೊಂಡು ಒರೆಸಿ ನೋಡಿದ. ಬಿಳಿ ಬಟ್ಟೆ ಹಳದಿಯಾಯಿತು. ಬೇರೆ ಬಟ್ಟೆ ತೆಗೆದುಕೊಂಡ, ಅದೂ ಹಳದಿಯಾಯಿತು. ಐದನೆಯ ಬಟ್ಟೆ ಬೆಳ್ಳಗುಳಿಯಿತು. ಮೂವತ್ತೈದು ವರ್ಷ ಸಾಗವಾನಿಯಲ್ಲಿ ಕೈಯಾಡಿಸಿದ್ದ ಅವನಿಗೆ ಎಣ್ಣೆ ಇರುವುದು ಗೊತ್ತಿತ್ತು, ಇಷ್ಟಿರುವುದು ಗೊತ್ತಿರಲಿಲ್ಲ. ಊಟಕ್ಕೆ ಕರೆಯಲು ಬಂದ ಮಾರ್ಥಾ ಮೂಗು ಮುಚ್ಚಿಕೊಂಡಳು. "ಏನ್ರಿ ಇದು, ಅಂಗಡಿ ತುಂಬ ಉಗರಿನ ಬಣ್ಣ ತೆಗಿಯೂದರ ವಾಸನಿ?"

ಮನಸ್ಸಿಲ್ಲದಿದ್ದರೂ ಅವನು ಅಂಟಿನ ಹೊಸ ಹಾಸುಹಲಗೆಯನ್ನು ಸರಿಯಾಗಿಯೇ ಮಾಡಿದ. ಅರೆಬರೆ ಮಾಡುವುದು ಅವನಿಗೆ ಬರುತ್ತಲೇ ಇರಲಿಲ್ಲ. ಗಡಿಯಾರ ಮುಂದಿಟ್ಟುಕೊಂಡು, ಒರೆಸಿದ ಪಟ್ಟಿಯನ್ನು ಹತ್ತು ನಿಮಿಷದೊಳಗೆ ಅಂಟಿಸುತ್ತ, ಪಟ್ಟಿಗಳನ್ನು ಅದುಮಿ ಹಿಡಿಯುವ ಕ್ಲ್ಯಾಂಪುಗಳನ್ನು ಬಿಗಿಯುತ್ತ ಎರಡು ದಿನ ಕೆಲಸ ಮಾಡಿದ. ಸರಿಸಮ ಆಗಲೆಂದು ಹತ್ತಿಯದನ್ನೂ ಜೊತೆಗೆ ಮತ್ತೆ ತೊಟ್ಟಿಗಿಳಿಸಿದ. ಮಾರ್ಚ್ ಕೊನೆಗೆ ಎರಡೂ ಮತ್ತೆ ತಗಡಿನ ಮೇಲೆ ಹೋದವು.

ಏಪ್ರಿಲಿನಲ್ಲಿ ಸುಮಿತಾ ಸೋದರಮಾವನ ಮನೆಯ ಮದುವೆಗೆಂದು ಮುಂಡಗೋಡದ ಪಾಳಾಕ್ಕೆ ಹೋದಳು. ಆ ವರ್ಷ ಬಿಸಿಲು ಬೇರೆ ಜೋರಿತ್ತು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಜುಜೆ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದ. ಮಿಲ್ಲಿಗೆ ರಜೆ. ಏಣಿ ಹಚ್ಚಿ ಚಾವಣಿ ಹತ್ತಿದ.

ಮೊದಲು ಅಂಟಿನದನ್ನು ಎತ್ತಿದ. ತಟ್ಟಿದ. ಕಾಲ ಕೆಳಗೆ ಹಾಕಿ ತುಳಿದ. ತೊಟ್ಟಿಯಿಂದ ಒಂದು ಕೊಡ ನೀರು ತಂದು ಒಂದು ಮಗ್ಗಲಿಗೆ ಸುರಿದು ಇನ್ನೊಂದು ಮಗ್ಗಲನ್ನು ಅಂಗೈಯಿಂದ ಸವರಿದ. ಒಣಗಿತ್ತು.

ಆಮೇಲೆ ತನ್ನದನ್ನು ಎತ್ತಿದ. ಎತ್ತಿದ ಕೂಡಲೇ ಸಂದಿಯಿಂದ ಸೂರ್ಯ ಕಣ್ಣಿಗೆ ಹೊಡೆದ. ಐದು ಹಲಗೆಗಳ ನಾಲ್ಕು ಸಂದಿಗಳಲ್ಲಿ ಮೂರು ಬಾಯಿ ಬಿಟ್ಟಿದ್ದವು. ಹತ್ತಿ ಎಳೆಎಳೆಯಾಗಿ ಜೋತಾಡುತ್ತಿತ್ತು. ಉಗುರು ಹಾಕಿದರೆ ಉಗುರು ಒಳಗೆ ಹೋಗುತ್ತಿತ್ತು.

ಅವನು ಅಲ್ಲೇ ಏಣಿಯ ತುದಿಯ ಪಕ್ಕದಲ್ಲಿ ಕುಳಿತ. ಉಳಿ, ಸುತ್ತಿಗೆ ಎರಡೂ ಹೆಗಲ ಚೀಲದಲ್ಲಿದ್ದವು. ಹೊಸ ಹತ್ತಿ ಜಡಿದು ಮೇಲೆ ಲೇಪ ಎಳೆಯಲು ಅವನಿಗೆ ಅರ್ಧ ಗಂಟೆ ಸಾಕು. ಸುಮಿತಾ ಬರುವುದು ಬುಧವಾರ. ಅಷ್ಟರಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವತ್ತೆರಡು ಅಡಿಯ ಆ ಮೈಯನ್ನು ಇನ್ನೊಮ್ಮೆ ಕಟ್ಟುವ ಅವಕಾಶ ಬದುಕಿನಲ್ಲಿ ಮತ್ತೆ ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ತಗಡು ಕಾದು ಕುಳಿತಲ್ಲಿ ಸುಡತೊಡಗಿದ ಮೇಲೆ ಎದ್ದು, ಚೀಲ ಬಿಚ್ಚದೆಯೇ ಇಳಿದ.

ಮನೆಗೆ ಬಂದವನ ಮುಖ ನೋಡಿ ಮಾರ್ಥಾ ತಾಟು ಹಾಕುತ್ತ ಕೇಳಿದಳು, "ಏನಾತ್ರಿ?"

"ನನ್ನ ಹಲಗಿ ಬಾಯಿ ಬಿಟ್ಟಾವ. ಗೋಂದಿಂದು ಗಟ್ಟಿ ಕುಂತೈತಿ."

"ಹಂಗಾರ ಆಕಿಗೆ ಹೇಳ್ರಿ."

"ಹೇಳಿದ್ರ ಆ ದೋಣಿ ಹೋತು, ಮಾರ್ಥಾ. ಇನ್ನ ಅಂಥಾದ್ದ ಕಟ್ಟಾಕ ನಂಗ ಯಾರು ಕರೀತಾರ?"

ಮಾರ್ಥಾ ಮೀನಿನ ಸಾರು ಬಡಿಸಿ ಎದುರಿಗೆ ಕುಳಿತಳು. "ಸಮುದ್ರದಾಗ ಕೂಡಾಕಿ ಆಕಿ. ನೀವಲ್ಲ."

ಜುಜೆ ಊಟ ಶುರು ಮಾಡಲಿಲ್ಲ. ಫೋನು ತೆಗೆದ. ಪಾಳಾದಲ್ಲಿ ಮದುವೆ ಮನೆಯ ಗದ್ದಲ ಕೇಳುತ್ತಿತ್ತು.

"ಅಕ್ಕಾರ, ನಾ ಜುಜೆ. ನನ್ನ ಮಾತು ಸುಳ್ಳಾತ್ರಿ. ನಂದು ಬಿಟ್ಕೊಂಡೈತಿ. ಇನ್ನೊಂದು ಗಟ್ಟಿ ಐತಿ. ನಾ ಏನೂ ಮುಟ್ಟಿಲ್ಲ, ಇದ್ದಂಗ ಇಟ್ಟೇನಿ. ಬಂದು ನೋಡ್ರಿ."

"ನಾಳೆ ಬರ್ತೇನಿ," ಅಂದಳು ಸುಮಿತಾ.

ಮರುದಿನ ಅವಳು ಏಣಿ ಹತ್ತಿ ಎರಡನ್ನೂ ನೋಡಿದಳು. ಬಾಯಿ ಬಿಟ್ಟ ಸಂದಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ ಇಳಿದು ಬಂದಳು. ಕೆಳಗೆ ಚನಬಸಪ್ಪ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮೂವರಿಗೂ ಚಹಾ ಬಂತು.

"ವರ್ಷಪೂರ್ತಿ ನೀರಾಗ ಬಿಟ್ರ?" ಕೇಳಿದಳು ಅವಳು. ದನಿಯಲ್ಲಿ ಆಸೆಯಿತ್ತು.

"ಬಿಡಬಹುದ್ರಿ. ನೀರಾಗಿದ್ರ ಹಲಗಿ ಉಬ್ಬಿ ತಾನ ಬಿಗಿ ಆಗತೈತಿ. ಆದ್ರ ಅದಕ್ಕ ಅಲ್ಲೇ ಇರೂ ಮನಶಾ ಬೇಕು. ಮಳಿಗಾಲದಾಗ ದಿನಾ ಒಳಗಿನ ನೀರ ಎತ್ತಿ ಹಾಕಬೇಕು, ಹಗ್ಗ ನೋಡಬೇಕು. ನೀವ ಹಳಿಯಾಳದಾಗ ಇರಾವ್ರು. ಆ ದೋಣಿ ಚಲೋ ಅಲ್ಲ ಅಂತ ನಾ ಹೇಳೂದಿಲ್ಲ. ನಿಮಗ ಹೊಂದೂ ದೋಣಿ ಅದಲ್ಲ."

ಅವಳು ಚಹಾ ಮುಗಿಸಿದಳು. "ಖರೇ ಹೇಳ್ರಿ. ಈ ಗೋಂದಿನ ದೋಣಿ ನಿಮಗ ಕಟ್ಟಾಕ ಬರತೈತೇನು?"

"ಈಗ ಬರತೈತಿ," ಅಂದ ಜುಜೆ. "ಆರ ತಿಂಗಳ ಹಿಂದ ಬರ್ತಿದ್ದಿಲ್ಲ."

ಚನಬಸಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಸುಮಿತಾಳಿಗೂ ನಗು ಬಂತು. ಅವಳು ಅಲ್ಲೇ ಕುಳಿತು ಡೆನ್ಮಾರ್ಕಿಗೆ ಬರೆದಳು: ನಕ್ಷೆ ಕಳಿಸಿ.

ನಲವತ್ತೊಂದು ಹಾಳೆ ಬಂದವು. ಹುಬ್ಬಳ್ಳಿಯಲ್ಲಿ ದೊಡ್ಡದಾಗಿ ಮುದ್ರಿಸಿ ತಂದರು. ಜುಜೆ ಮಿಲ್ಲಿನ ದೊಡ್ಡ ಶೆಡ್ಡಿನ ನೆಲಕ್ಕೆ ಪ್ಲೈವುಡ್ ಹಾಸಿ, ಬಿಳಿ ಬಣ್ಣ ಬಳಿದು, ಅದರ ಮೇಲೆ ದೋಣಿಯನ್ನು ಇದ್ದಷ್ಟೇ ಅಳತೆಯಲ್ಲಿ ಬರೆಯತೊಡಗಿದ. ಮೊಳೆ ಹೊಡೆದು, ತೆಳ್ಳನೆಯ ಪಟ್ಟಿ ಬಗ್ಗಿಸಿ, ಮೊಣಕಾಲೂರಿ ಗೆರೆ ಎಳೆಯುತ್ತ ಹೋದ ಹಾಗೆ ಇಪ್ಪತ್ತಾರು ಅಡಿಯ ಮೈ ನೆಲದ ಮೇಲೆ ಮೂಡಿತು. ಮೊದಲ ನಾಲ್ಕು ದಿನ ಅದು ಅವನಿಗೆ ಮೋಟು ಅನಿಸಿತು. ಐದನೆಯ ದಿನ ಸೊಂಟದ ಹತ್ತಿರ ಗೆರೆ ಒಳಸರಿದು ಮತ್ತೆ ಹೊರಚಾಚುವ ರೀತಿ ನೋಡಿ ಕೆಲಸ ನಿಲ್ಲಿಸಿದ. ಮುಖವನ್ನು ನೆಲದ ಮಟ್ಟಕ್ಕೆ ತಂದು ಒಂದು ಕಣ್ಣು ಮುಚ್ಚಿ ನೋಡಿದ. "ಆಕಿಗೆ ಕೆಲಸ ಗೊತ್ತೈತಿ," ಅಂದ ಯಾರಿಗೋ ಹೇಳುವಂತೆ.

ಒಂದು ವಿಷಯ ಮಾತ್ರ ಅವನಿಗೆ ಒಪ್ಪಿಗೆಯಾಗಲಿಲ್ಲ. ದೋಣಿಯ ಮೂತಿಯ ಬಾಗುಮರವನ್ನು ಇಪ್ಪತ್ತು ತೆಳುಪಟ್ಟಿ ಬಗ್ಗಿಸಿ ಅಂಟಿಸಿ ಮಾಡಬೇಕೆಂದು ಹನ್ನೊಂದನೆಯ ಹಾಳೆ ಹೇಳುತ್ತಿತ್ತು. ಜುಜೆ ತಲೆಯಾಡಿಸಿದ. "ಹುಟ್ಟಾ ಬಾಗಿದ ಮರ ಸಿಕ್ರ ಅದರಷ್ಟ ಗಟ್ಟಿ ಯಾವುದೂ ಇಲ್ರಿ. ಬೇರಿಂದ ಬೆಳದದ್ದು ಅದು."

"ಎಲ್ಲಿಂದ ತರ್ತೀರಿ ಈಗ?"

"ಹುಡುಕೂಣು."

ಸಿಕ್ಕಿದ್ದು ಪಾಳಾದಲ್ಲಿ. ಸುಮಿತಾಳ ಸೋದರತ್ತೆ ಶಿವವ್ವನ ಹೊಲದ ಬದುವಿನಲ್ಲಿ ಹಿಂದಿನ ಮಳೆಗಾಲದ ಗಾಳಿಗೆ ಒಂದು ಹಲಸಿನ ಮರ ಬಿದ್ದಿತ್ತು. ಬುಡದಿಂದ ಎದ್ದ ಒಂದು ಕವಲು ಕುಡಗೋಲಿನಂತೆ ಬಾಗಿತ್ತು. ಜುಜೆ ನೆಲದ ಗೆರೆಯಿಂದ ಕತ್ತರಿಸಿಕೊಂಡಿದ್ದ ರಟ್ಟಿನ ಮಾದರಿಯನ್ನು ಅದರ ಮೇಲಿಟ್ಟ. ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ.

"ಒಲಿಗೆ ಒಡಸಬೇಕಂತ ಇಟ್ಟಿದ್ನೆಪಾ," ಅಂದಳು ಶಿವವ್ವ.

"ಯವ್ವಾ, ಇದನ್ನ ಒಲಿಗೆ ಹಾಕಬ್ಯಾಡ್ರಿ. ನಿಮ್ಮ ಸೊಸಿಯ ದೋಣಿಗೆ ಇದ ಮೂಗು," ಅಂದ ಜುಜೆ.

ನಕ್ಷೆ ಬರೆದವಳ ಒಪ್ಪಿಗೆಯಿಲ್ಲದೆ ಬದಲಾಯಿಸುವುದು ಅವನಿಗೆ ಬೇಡವಿತ್ತು. ಸುಮಿತಾ ವಿಡಿಯೋ ಕರೆ ಮಾಡಿದಳು. ಪರದೆಯಲ್ಲಿ ಬಿಳಿಗೂದಲಿನ ಹೆಂಗಸು ಕನ್ನಡಕ ಸರಿಮಾಡಿಕೊಂಡು ಮರದ ಕೊಯ್ದ ತುದಿ ತೋರಿಸಲು ಕೇಳಿದಳು. ಜುಜೆ ತೋರಿಸಿದ. ಎಳೆಗಳು ಬಾಗಿನ ಉದ್ದಕ್ಕೂ ಹೇಗೆ ಓಡಿವೆ ಎಂದು ಉಳಿಯ ತುದಿಯಿಂದ ಗುರುತಿಸಿ ತೋರಿಸಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಸುಮಿತಾ ನಡುವೆ ನಿಂತು ಹೇಳುವ ಮೊದಲೇ ಅರ್ಧ ಮಾತು ಇಬ್ಬರಿಗೂ ತಿಳಿದುಹೋಗುತ್ತಿತ್ತು. ವಾರದಲ್ಲಿ ತಿದ್ದಿದ ಹನ್ನೊಂದನೆಯ ಹಾಳೆ ಬಂತು. ಸಹಜ ಬಾಗಿನ ಮರ ಸಿಕ್ಕವರು ಹೀಗೂ ಮಾಡಬಹುದು ಎಂದು ಅದರಲ್ಲಿ ಹೊಸ ಚಿತ್ರ ಸೇರಿತ್ತು. ಕೆಳಗೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು. ಸುಮಿತಾ ಓದಿದಳು: "ಸಲಹೆ, ಜುಜೆ ಸಿದ್ದಿ, ದಾಂಡೇಲಿ."

"ಎಲ್ಲೈತ್ರಿ? ತೋರಸ್ರಿ," ಅಂದ ಜುಜೆ. ತೋರಿಸಿದಲ್ಲಿ ಹೆಬ್ಬೆರಳಿಟ್ಟು, ಆಮೇಲೆ ಧೂಳು ತಾಗಿತೆಂದು ಬೆರಳು ತೆಗೆದ. ಆ ಹಾಳೆಯ ಒಂದು ಪ್ರತಿಯನ್ನು ಮಾರ್ಥಾ ಮನೆಯಲ್ಲಿ ಕಪಾಟಿನೊಳಗೆ, ಮದುವೆಯ ಫೋಟೋ ಇಟ್ಟ ಕಡೆಯೇ ಇಟ್ಟಳು.

ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ನಡುವಿನ ಬೇಸಿಗೆಯನ್ನು ಆ ಮೈ ಹಳಿಯಾಳದ ಶೆಡ್ಡಿನಲ್ಲೇ ನಿಂತು ಕಳೆಯಿತು. ಎಲ್ಲೂ ಒಂದು ಗೆರೆ ಬಿರಿಯಲಿಲ್ಲ. ಡಿಸೆಂಬರಿನಲ್ಲಿ ಟ್ರೇಲರ್ ಮೇಲೆ ಘಟ್ಟ ಇಳಿಸಿ, ಸದಾಶಿವಗಡದ ದಂಡೆಯಲ್ಲಿ ಕಾಳಿ ನದಿಯ ನೀರಿಗೆ ಬಿಟ್ಟರು. ಚನಬಸಪ್ಪ ತೆಂಗಿನಕಾಯಿ ಒಡೆದ. ಮಾರ್ಥಾ ಕಣ್ಮುಚ್ಚಿ ಶಿಲುಬೆಯ ಗುರುತು ಮಾಡಿದಳು.

ಕಂದು ಹಾಯಿ ಏರಿಸುತ್ತ ಸುಮಿತಾ ಕರೆದಳು. "ಬರ್ರಿ ಮಿಸ್ತ್ರಿ, ಒಂದ ಸುತ್ತು ಹೋಗೂಣು."

ಜುಜೆ ದಂಡೆಯಲ್ಲೇ ನಿಂತಿದ್ದ. "ನಾ ಎಂದೂ ಹೋಗಿಲ್ರಿ," ಅಂದ.

"ಎಂದೂ ಅಂದ್ರ?"

"ಹನ್ನೊಂದು ದೋಣಿ ಕಟ್ಟೀನಿ. ನೀರಿಗೆ ಬಿಟ್ಟ ಮ್ಯಾಲೆ ಅವು ಮಾಲಕರವು. ನಮ್ಮನ್ನ ಯಾರ ಹತ್ತಿಸ್ತಾರ?"

ಸುಮಿತಾ ಹಗ್ಗ ಕೈಬಿಟ್ಟು ಬಂದು ಕೈ ಚಾಚಿದಳು. ಅವನು ಚಪ್ಪಲಿ ಕಳಚಿ ದಂಡೆಯಲ್ಲಿಟ್ಟು ಹತ್ತಿದ. ನದಿಯ ನಡುವೆ ಬಂದಾಗ ಸಮುದ್ರದ ಕಡೆಯಿಂದ ಗಾಳಿ ಬೀಸಿತು, ಹಾಯಿ ತುಂಬಿಕೊಂಡಿತು, ದೋಣಿ ಒಂದು ಮಗ್ಗಲಿಗೆ ವಾಲಿತು. ಜುಜೆ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಂಜಬ್ಯಾಡ್ರಿ. ಅದು ವಾಲೂದ ಹಂಗ," ಅಂದಳು ಸುಮಿತಾ, ಚುಕ್ಕಾಣಿಯ ಹಿಡಿಕೆಯನ್ನು ಅವನ ಕೈಗೆ ಕೊಡುತ್ತ.

ಹಿಡಿಕೆಯ ಮರ ಅವನ ಅಂಗೈಯಲ್ಲಿ ಮೆಲ್ಲಗೆ ನಡುಗುತ್ತಿತ್ತು. ಸ್ವಲ್ಪ ಎಳೆದ, ಇಡೀ ದೋಣಿ ತಿರುಗಿತು. ತಳ್ಳಿದ, ಮತ್ತೆ ನೇರವಾಯಿತು. ಹಾಗೆ ಎಳೆಯುತ್ತ ತಳ್ಳುತ್ತ ಸೇತುವೆಯ ಹತ್ತಿರದವರೆಗೆ ನಡೆಸಿದ. ದಂಡೆಯ ಕಡೆ ತಿರುಗಿಸುವ ಹೊತ್ತಾಗಿತ್ತು. ಅಲ್ಲಿ ಮಾರ್ಥಾ ಸೆರಗನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತ ನಿಂತಿದ್ದಳು.

"ಈಗ ತಿರಗಸ್ರಿ," ಅಂದಳು ಸುಮಿತಾ.

"ಇನ್ನೊಂದ ಸುತ್ತು ಹೋಗೂಣು ಅಕ್ಕಾರ," ಅಂದ ಜುಜೆ, ಹಿಡಿಕೆ ಬಿಡದೆ.